ನಿತ್ಯಸಂಚಾರವೂ ಸ್ಥೌಲ್ಯವೂ: ಕಮಲನಗರ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಸ್ಥೌಲ್ಯವೆಂದರೆ ಮೈಯಲ್ಲಿ ಮಿತಿಮೀರಿ ಬೊಜ್ಜು ಸೇರುವಿಕೆ. ಇದು ಉಂಡುಟ್ಟು ಸುಖವಾಗಿರುವ ಪಟ್ಟಣಿಗರ ವ್ಯಾಧಿಯೆಂಬ ಭಾವನೆಯು ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುವುದು. ಕರ್ನಾಟಕದ ಸ್ತ್ರೀಯರಲ್ಲಿ ಅಧಿಕ ತೂಕದವರು 2015-16ರಲ್ಲಿ ನೂರಕ್ಕೆ ಸುಮಾರು 23 ಮಂದಿ ಇದ್ದರು; 2019-20ರಲ್ಲಿ ಸುಮಾರು 30 ಮಂದಿಯಾದರು. ಪುರುಷರಲ್ಲಿಯೂ ಏರಿಕೆಯು ಇದೇ ಬಗೆಯದು. ಇಷ್ಟು ಅಲ್ಪಕಾಲದಲ್ಲಿ ಜನರ ಹುಟ್ಟುಗುಣವು ಬದಲಾಗಲಾರದು; ಬದಲಾಗಿರತಕ್ಕದ್ದು ಅವರ ಜೀವನಕ್ರಮವೇ ಸರಿ. ಆ ಕ್ರಮದಲ್ಲಿ ಆಹಾರವನ್ನು ಕುರಿತ ಚರ್ಚೆ ಬೇಕಾದಷ್ಟು ನಡೆದಿದೆ. ಜನರು ದಿನದಿನವೂ ಮನೆಯಿಂದ ಕೆಲಸಕ್ಕೆ ಹೇಗೆ ಹೋಗಿಬರುತ್ತಾರೆಂಬ ಸಾಮಾನ್ಯ ಸಂಗತಿಯನ್ನು ಇಲ್ಲಿ ವಿವೇಚಿಸಲಾಗುವುದು.

ಈ ವಿಷಯದಲ್ಲಿ ನಮ್ಮ ಪ್ರಾಚೀನರು ಮೌನವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲತೆಯ ಕಾರಣಗಳನ್ನು ಎಣಿಸುವಾಗ ಅತಿಭೋಜನ, ಸಿಹಿ ಮತ್ತು ಜಿಡ್ಡಿನ ಪದಾರ್ಥಗಳು, ಹಗಲುನಿದ್ರೆ ಇವುಗಳೊಡನೆ ಅವ್ಯಾಯಾಮವನ್ನೂ ಬೀಜಸ್ವಭಾವವನ್ನೂ ಹೇಳುತ್ತದೆ. ಸುಶ್ರುತಸಂಹಿತೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಮೇಹರೋಗಿಯು ಬಡವನಾಗಿದ್ದರೆ ಕಾಲಿಗೆ ಕೆರವಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷಾನ್ನವನ್ನು ಉಣ್ಣುತ್ತ ನೂರು ಯೋಜನ ನಡೆಯಬೇಕೆಂದೂ ಬಾವಿಯನ್ನು ತೋಡಬೇಕೆಂದೂ ವಿಧಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಉಳ್ಳವರಿಗೆ ಮಲ್ಲಯುದ್ಧ, ಕುದುರೆ ಸವಾರಿ ಮೊದಲಾದ ವ್ಯಾಯಾಮಗಳನ್ನು ಹೇಳಿ, ಇಲ್ಲದವನಿಗೆ ದಾರಿ ನಡೆಯುವುದನ್ನೂ ನೆಲ ಅಗೆಯುವುದನ್ನೂ ಔಷಧವಾಗಿ ಹೇಳಿದೆ. ಸಂಚಾರವೂ ದುಡಿಮೆಯೂ ವ್ಯಾಯಾಮದ ಫಲವನ್ನೇ ಕೊಡುತ್ತವೆಂಬ ತಿಳಿವಳಿಕೆ ಇದರಲ್ಲಿ ಅಡಗಿದೆ.

ಆಧುನಿಕ ವೈದ್ಯಶಾಸ್ತ್ರವು ಇದೇ ಮಾತನ್ನು ಅಳತೆಗೆ ತಂದದ್ದು ಕಳೆದ ಶತಮಾನದ ನಡುವಿನಲ್ಲಿ. ಜೆರೆಮಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ ಲಂಡನ್ನಿನ ಬಸ್ಸು ನೌಕರರನ್ನು ಪರೀಕ್ಷಿಸಿ, ದಿನವೆಲ್ಲ ಕುಳಿತೇ ಇರುವ ಚಾಲಕರಿಗಿಂತ, ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಕಡಮೆಯೆಂದು 1953ರಲ್ಲಿ ಪ್ರಕಟಿಸಿದರು. 1956ರಲ್ಲಿ ಅವರು ಇದೇ ನೌಕರರ ಸಮವಸ್ತ್ರಗಳ ಅಳತೆಗಳನ್ನು ಹೋಲಿಸಿ, ಚಾಲಕರ ಷರಾಯಿಗಳ ಸೊಂಟದ ಸುತ್ತಳತೆಯೇ ಹೆಚ್ಚೆಂದು ತೋರಿಸಿದರು. ಅದೇ ವರ್ಷ ಜೀನ್ ಮೇಯರನೂ ಅವನ ಸಹೋದ್ಯೋಗಿಗಳೂ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಕೆಲಸಗಾರರನ್ನು ಕುರಿತು ಬರೆದರು. ಮೈಮುರಿದು ದುಡಿಯುವವರು ಹೆಚ್ಚು ಉಣ್ಣುವುದು ಸಹಜ. ಆದರೆ ಕುಳಿತು ಕೆಲಸ ಮಾಡುವವರು ಅದಕ್ಕೆ ತಕ್ಕಂತೆ ಕಡಮೆ ಉಣ್ಣುತ್ತಿರಲಿಲ್ಲ, ಅವರ ತೂಕವೂ ಹೆಚ್ಚಾಗಿದ್ದಿತು. ಎಂದರೆ ಚಲನೆಯು ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಹಸಿವು ಅದನ್ನು ಅನುಸರಿಸಿ ಇಳಿಯುವುದಿಲ್ಲ.

ನಮ್ಮ ನಾಡಿಗೆ ಹತ್ತಿರವಾದ ಪ್ರಮಾಣವು 2013ರಲ್ಲಿ ಪ್ರಕಟವಾಯಿತು. ಬೆಂಗಳೂರು, ಹೈದರಾಬಾದು, ನಾಗಪುರ, ಲಖನೌ ಈ ನಾಲ್ಕು ನಗರಗಳ ಕಾರ್ಖಾನೆಗಳ ಕೆಲಸಗಾರರನ್ನೂ, ಹಳ್ಳಿಗಳಲ್ಲಿಯೇ ಉಳಿದ ಅವರ ಬಂಧುಗಳನ್ನೂ ಕೂಡಿಸಿಕೊಂಡು 2005ರಿಂದ 2007ರವರೆಗೆ ನಡೆದ ಪರಿಶೀಲನೆಯಿಂದ ಹುಟ್ಟಿದ ಲೇಖನವದು. ಅದರಂತೆ ಸ್ವಂತ ಮೋಟಾರು ವಾಹನದಲ್ಲಿ ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 50 ಮಂದಿ ಅಧಿಕ ತೂಕದವರು. ಬಸ್ಸು ಮೊದಲಾದ ಸಾರ್ವಜನಿಕ ವಾಹನಗಳಲ್ಲಿ ಹೋಗುವವರಲ್ಲಿ ಸುಮಾರು 38. ನಡೆದು ಹೋಗುವವರಲ್ಲಿಯೂ ಬೈಸಿಕಲ್ಲಿನಲ್ಲಿ ಹೋಗುವವರಲ್ಲಿಯೂ 25ಕ್ಕಿಂತ ಕಡಮೆ. ಬಸ್ಸಿನವರು ನಡುವೆ ನಿಂತಿರುವುದನ್ನು ಗಮನಿಸಬೇಕು. ಬಸ್ಸು ಮನೆಯ ಬಾಗಿಲಿಗೆ ಬಾರದು. ಅದರ ಎರಡು ತುದಿಗಳಲ್ಲಿಯೂ ಸ್ವಲ್ಪ ನಡಿಗೆ ಸೇರಿರುವುದು.

ಇಷ್ಟು ಸಣ್ಣ ಚಲನೆಯಿಂದ ಇಷ್ಟು ದೊಡ್ಡ ವ್ಯತ್ಯಾಸವುಂಟಾದೀತೇ ಎಂಬ ಶಂಕೆ ಬರಬಹುದು. ಅದಕ್ಕೆ ಲೆಕ್ಕವೇ ಉತ್ತರ. 60 ಕಿಲೊಗ್ರಾಂ ತೂಕದ ಒಬ್ಬನು ಒಂದು ಕಿಲೊಮೀಟರು ನಡೆದರೆ, ಕುಳಿತಿರುವುದಕ್ಕಿಂತ ಸುಮಾರು 33 ಕಿಲೊಕ್ಯಾಲೊರಿಗಳಷ್ಟು ಶಕ್ತಿ ಹೆಚ್ಚು ವ್ಯಯವಾಗುವುದು. ಹೋಗುವಾಗ ಎರಡು, ಬರುವಾಗ ಎರಡು ಕಿಲೊಮೀಟರಿನಂತೆ ವರ್ಷಕ್ಕೆ 250 ದಿನ ನಡೆದರೆ ಒಟ್ಟು 33,000. ಒಂದು ಕಿಲೊಗ್ರಾಂ ಬೊಜ್ಜಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿಗಳಿರುವುದರಿಂದ, ಈ ನಡಿಗೆಯ ಬೆಲೆ ವರ್ಷಕ್ಕೆ ನಾಲ್ಕು ಕಿಲೊಗ್ರಾಮಿಗೂ ಮೇಲಾಯಿತು. ದೇಹವು ತನ್ನನ್ನು ತಾನೇ ಹೊಂದಿಸಿಕೊಳ್ಳುವುದರಿಂದ ವಾಸ್ತವದ ಬದಲಾವಣೆಯು ಈ ಲೆಕ್ಕಕ್ಕಿಂತ ಕಡಮೆಯೇ. ಆದರೂ ದಿನಕ್ಕೆ ಗಮನಕ್ಕೆ ಬಾರದ ಉಳಿತಾಯವು ವರ್ಷಗಳಲ್ಲಿ ಹೊರೆಯಾಗುವ ಬಗೆ ಇದರಿಂದ ಸ್ಪಷ್ಟವಾಗುವುದು.

ಪ್ರತಿಪಕ್ಷವನ್ನೂ ವಿಚಾರಿಸತಕ್ಕದ್ದು ನ್ಯಾಯ. ಒಂದೇ ಕಾಲದಲ್ಲಿ ತೆಗೆದ ಅಳತೆಗಳು ಸಂಬಂಧವನ್ನು ತೋರಿಸಬಲ್ಲವೇ ಹೊರತು ಕಾರಣವನ್ನು ಸಿದ್ಧಪಡಿಸಲಾರವು. ಮೈ ಬೆಳೆದವನೇ ನಡಿಗೆಯನ್ನು ಬಿಟ್ಟಿರಬಹುದು. ವಾಹನ ಕೊಳ್ಳಬಲ್ಲವನ ಊಟವೂ ಬೇರೆಯಿರಬಹುದು. ವಯಸ್ಸು, ಜೀವನಮಟ್ಟ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಂಬಂಧವು ಉಳಿಯಿತೆಂಬುದೂ, ಬೈಸಿಕಲ್ ತುಳಿಯುವ ಕಾಲವು ಹೆಚ್ಚಿದಷ್ಟೂ ಅಧಿಕ ತೂಕದವರು ಕಡಮೆಯಾದರೆಂಬುದೂ ಈ ಆಕ್ಷೇಪದ ಬಲವನ್ನು ತಗ್ಗಿಸುತ್ತವೆ.

ಈಗ ಕಮಲನಗರಕ್ಕೆ ಬರೋಣ. ಬೀದರ ಜಿಲ್ಲೆಯ ಉತ್ತರದಲ್ಲಿ, ಮಹಾರಾಷ್ಟ್ರದ ಉದಗೀರಕ್ಕೆ ಸಮೀಪದಲ್ಲಿ, ವಿಕಾರಾಬಾದಿನಿಂದ ಪರಳಿಗೆ ಹೋಗುವ ರೈಲುದಾರಿಯ ಮೇಲಿರುವ ಈ ಊರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಜನ್ಮಸ್ಥಳವೆಂದು ಕನ್ನಡಿಗರಿಗೆ ಪರಿಚಿತ. ಔರಾದಿಗೆ ಸೇರಿದ್ದ ಇದು 2018ರಲ್ಲಿ ತಾನೇ ತಾಲ್ಲೂಕಾಯಿತು. ಇಂಥ ಸೀಮೆಯಲ್ಲಿ ನಡಿಗೆಯನ್ನು ಯಾರೂ ವ್ಯಾಯಾಮವೆಂದು ಕರೆದವರಲ್ಲ. ಹೊಲಕ್ಕೆ, ಸಂತೆಗೆ, ಶಾಲೆಗೆ ಹೋಗುವುದೆಂದರೆ ನಡೆಯುವುದೇ. ಹೆಸರಿಲ್ಲದ ಕಾರಣದಿಂದಲೇ ಅದು ಕಳೆದುಹೋದರೂ ನಷ್ಟವೆಂದು ತೋರುವುದಿಲ್ಲ. ಗರಡಿಯ ಸಾಮು ನಿಂತರೆ ಊರಿಗೆ ತಿಳಿಯುವುದು. ಹೊಲದ ದಾರಿಯನ್ನು ಮೋಟಾರು ಸೈಕಲ್ಲು ನುಂಗಿದರೆ ಅನುಕೂಲವಾಯಿತೆಂದಷ್ಟೇ ತೋರುವುದು. ಅನುಕೂಲವಾದದ್ದೂ ನಿಜವೇ. ಬೀದರದ ಬೇಸಗೆಯಲ್ಲಿ ತಲೆಹೊರೆ ಹೊತ್ತು ನಡೆದವರ ಬವಣೆಯನ್ನು ಯಾರೂ ಮರಳಿ ಬಯಸಬೇಕಾಗಿಲ್ಲ. ಅರೆಹೊಟ್ಟೆಯಲ್ಲಿ ನಡೆಯುವವರಿಗೆ ಬೊಜ್ಜಿನ ಉಪದೇಶವು ಸಲ್ಲುವುದೂ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬೆಳಗಿನ ವಾಯುಸೇವನೆಯ ಉಪದೇಶವು ಬಿಡುವುಳ್ಳವರಿಗೆ ಮಾತ್ರ ಒದಗುವುದು. ಪ್ರಯೋಜನಕ್ಕಾಗಿ ನಡೆಯುವ ನಡಿಗೆಯಾದರೋ ಬಿಡುವಿಲ್ಲದವರಿಗೂ ದಕ್ಕುವುದು; ಆದರೆ ಅದು ಊರಿನ ಏರ್ಪಾಟನ್ನು ಅವಲಂಬಿಸಿದೆ. ತಾಲ್ಲೂಕು ಕಚೇರಿಯ ಕೆಲಸಕ್ಕೆ ಹಿಂದೆ ಔರಾದಿನವರೆಗೆ ವಾಹನವೇ ಗತಿಯಾಗಿದ್ದ ಕಮಲನಗರದವರಿಗೆ ಈಗ ಅದು ನಡೆಯಬಲ್ಲ ದೂರಕ್ಕೆ ಬಂದೀತು. ಹೊಸ ತಾಲ್ಲೂಕಿನ ಕಟ್ಟಡಗಳು ಬಸ್ ನಿಲ್ದಾಣಕ್ಕೂ ಸಂತೆಗೂ ಸಮೀಪವಾಗಿ, ನೆರಳುಮರಗಳುಳ್ಳ ಕಾಲುದಾರಿಗಳಿಂದ ಕೂಡಿಕೊಂಡರೆ, ಹಳ್ಳಿಯಿಂದ ಬಸ್ಸಿನಲ್ಲಿ ಬಂದವನೂ ಅರ್ಧ ಹರದಾರಿಯನ್ನು ಪ್ರಯಾಸವಿಲ್ಲದೆ ನಡೆದಾನು. ಊರ ಹೊರಗೆ ಹೆದ್ದಾರಿಯ ಮಗ್ಗುಲಿಗೆ ಹೋದರೆ, ಸ್ವಂತ ವಾಹನವಿಲ್ಲದೆ ಬದುಕುವುದೇ ಕಷ್ಟವಾದೀತು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಬೈಸಿಕಲ್ ಕೊಡಲಾರಂಭಿಸಿದುದೂ, 2023ರ ಜೂನ್ 11ರಿಂದ ಸ್ತ್ರೀಯರಿಗೆ ಬಸ್ಸಿನ ಪ್ರಯಾಣವನ್ನು ಉಚಿತ ಮಾಡಿದುದೂ ಬೇರೆ ಉದ್ದೇಶಗಳಿಂದ ಹುಟ್ಟಿದ ಕಾರ್ಯಗಳು. ಆದರೂ ಮೇಲಿನ ಅಂಕಿಗಳ ಬೆಳಕಿನಲ್ಲಿ ಅವು ಆರೋಗ್ಯದ ಏರ್ಪಾಟುಗಳೂ ಆಗಬಲ್ಲವು.

ಒಟ್ಟಿನ ಮೇಲೆ, ಜನರ ತೂಕವನ್ನು ಅವರ ಸಂಯಮದ ತಕ್ಕಡಿಯಲ್ಲಿ ಮಾತ್ರ ತೂಗುವುದು ಉಚಿತವಲ್ಲ. ಊರಿನ ದಾರಿಗಳು ಜನರನ್ನು ನಡೆಯಗೊಡುತ್ತವೆಯೋ ಇಲ್ಲವೋ ಎಂಬುದನ್ನು ಮೊದಲು ವಿಚಾರಿಸಬೇಕು. ಕಮಲನಗರದಂಥ ಬೆಳೆಯುವ ಊರುಗಳಲ್ಲಿ ಆ ದಾರಿಗಳನ್ನು ಗೊತ್ತುಮಾಡುವ ಕಾಲವು ಇನ್ನೂ ಮೀರಿಲ್ಲ.