ಶುಗರ್ ಇರುವವರ ಕಣ್ಣಿನ ಫೋಟೋ ತೆಗೆಯುವವರು ಡಾಕ್ಟರ್ ಅಲ್ಲ. ಆ ರಿಪೋರ್ಟ್ ನಂಬಬಹುದೇ?

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನಲ್ಲಿ ಕಣ್ಣಿನ ಶಿಬಿರ ಎಂದರೆ ಮೊದಲು ನೆನಪಾಗುವುದು ಪೊರೆ ಆಪರೇಷನ್, ಇಲ್ಲವೇ ಕನ್ನಡಕ. ಶುಗರ್ ಇರುವವರನ್ನು ಕೂರಿಸಿ ಕಣ್ಣಿನ ಒಳಗಿನ ಫೋಟೋ ತೆಗೆಯುತ್ತೇವೆ ಎಂದರೆ ಎರಡು ಪ್ರಶ್ನೆ ಏಳುತ್ತವೆ. "ನಂಗೆ ಕಣ್ಣು ಚೆನ್ನಾಗೇ ಕಾಣ್ತದಲ್ಲ, ಯಾಕೆ ಬೇಕು?" "ಫೋಟೋ ತೆಗೆಯೋರು ಡಾಕ್ಟರೇ ಅಲ್ವಂತೆ, ನಂಬೋದು ಹೆಂಗೆ?" ಎರಡಕ್ಕೂ ಉತ್ತರ ಇಲ್ಲಿದೆ.

ಕಣ್ಣು ಚೆನ್ನಾಗಿ ಕಂಡರೆ ತೊಂದರೆ ಇಲ್ಲವೇ?

ಹಾಗೆ ಹೇಳಲಾಗದು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲದ (ರೆಟಿನಾ) ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಇದೇ ಡಯಾಬಿಟಿಕ್ ರೆಟಿನೋಪತಿ. ಶುರುವಿನಲ್ಲಿ ನೋವಿಲ್ಲ, ಮಂಜಿಲ್ಲ. ದೃಷ್ಟಿ ಕುಗ್ಗಿದ್ದು ಗೊತ್ತಾಗುವಷ್ಟರಲ್ಲಿ ರೋಗ ಮುಂದುವರಿದಿರಬಹುದು. ಲೇಸರ್ ಚಿಕಿತ್ಸೆ ಮುಖ್ಯವಾಗಿ ಉಳಿದಿರುವ ದೃಷ್ಟಿಯನ್ನು ಕಾಪಾಡುತ್ತದೆ. ಹೋದದ್ದನ್ನು ಪೂರ್ತಿ ಮರಳಿ ತರುವುದು ಕಷ್ಟ. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ದಾಟಿದ ಮಧುಮೇಹಿಗಳಲ್ಲಿ 100ಕ್ಕೆ ಸುಮಾರು 17 ಮಂದಿಗೆ ಈ ತೊಂದರೆ ಕಂಡುಬಂದಿತ್ತು.

ಅಂಗಡಿಯಲ್ಲಿ ಅಕ್ಷರ ಓದಿಸಿ ಕನ್ನಡಕ ಕೊಟ್ಟರೆ ಈ ಪರೀಕ್ಷೆ ಆದಂತಲ್ಲ. ಅಕ್ಷಿಪಟಲವನ್ನೇ ನೋಡಬೇಕು.

ಡಾಕ್ಟರ್ ಅಲ್ಲದವರು ಏಕೆ?

ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ಮೀರಿದೆ ಎಂದು ಐಸಿಎಂಆರ್‌ನ 2023ರ ಅಧ್ಯಯನ ಅಂದಾಜಿಸಿದೆ. ಇವರೆಲ್ಲರ ಕಣ್ಣನ್ನೂ ಪ್ರತಿ ವರ್ಷ ನೇತ್ರತಜ್ಞರೇ ನೋಡುವುದು ಆಗದ ಮಾತು. ಹಾಗಾಗಿ ಆಪ್ಟೊಮೆಟ್ರಿಸ್ಟ್, ನರ್ಸ್, ತಂತ್ರಜ್ಞರು ಮತ್ತು ಎಂಬಿಬಿಎಸ್ ವೈದ್ಯರಿಗೆ ಇದಕ್ಕೆಂದೇ ತರಬೇತಿ ಕೊಡಲಾಗುತ್ತದೆ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಮಟ್ಟದ ಕೋರ್ಸ್‌ಗಳೂ ಇವೆ. ನಮ್ಮಲ್ಲಿ ಪಬ್ಲಿಕ್ ಹೆಲ್ತ್ ಫೌಂಡೇಷನ್ ಆಫ್ ಇಂಡಿಯಾ ವೈದ್ಯರಿಗಾಗಿ ಪ್ರಮಾಣಪತ್ರ ಕೋರ್ಸ್ ನಡೆಸಿದೆ.

ಅವರು ಏನು ಕಲಿಯುತ್ತಾರೆ?

ಕ್ಯಾಮೆರಾ ಕ್ಲಿಕ್ ಮಾಡುವುದಷ್ಟೇ ಅಲ್ಲ. ರಕ್ತನಾಳದಲ್ಲಿ ಚುಕ್ಕೆಯಂತೆ ಉಬ್ಬಿದ ಜಾಗ, ರಕ್ತ ಸೋರಿದ ಕಲೆ, ಹಳದಿ ಕೊಬ್ಬಿನ ಗುರುತು, ಹೊಸದಾಗಿ ಬೆಳೆದ ದುರ್ಬಲ ರಕ್ತನಾಳ, ಇವನ್ನು ಗುರುತಿಸಿ ರೋಗದ ಹಂತ ಹೇಳಬೇಕು. ಯಾರು ತುರ್ತಾಗಿ ತಜ್ಞರ ಬಳಿ ಹೋಗಬೇಕು ಎಂದು ತೀರ್ಮಾನಿಸಬೇಕು. ಇನ್ನೊಂದು ಮುಖ್ಯ ಪಾಠ: ಪೊರೆಯಿಂದಾಗಿ ಫೋಟೋ ಮಸುಕಾಗಿದ್ದರೆ ಅದನ್ನು 'ನಾರ್ಮಲ್' ಎನ್ನುವಂತಿಲ್ಲ, ತಜ್ಞರ ಬಳಿ ಕಳಿಸಲೇಬೇಕು.

ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ?

ಇಂಗ್ಲೆಂಡಿನಲ್ಲಿ 2003ರಿಂದ ಇಂಥ ತಪಾಸಣೆ ನಡೆಯುತ್ತಿದೆ. ದೋಷ ಕಂಡ ಫೋಟೋವನ್ನು ತರಬೇತಿ ಪಡೆದ ಇನ್ನೊಬ್ಬರೂ ನೋಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಅಂಧತ್ವಕ್ಕೆ ದಶಕಗಳಿಂದ ಮೊದಲ ಕಾರಣವಾಗಿದ್ದ ಮಧುಮೇಹ, 2009–10ರ ಲೆಕ್ಕದಲ್ಲಿ ಆ ಸ್ಥಾನದಿಂದ ಕೆಳಗಿಳಿದಿತ್ತು. ತಪಾಸಣೆ ಮತ್ತು ಶುಗರ್‌ನ ಉತ್ತಮ ನಿಯಂತ್ರಣ ಇದಕ್ಕೆ ಕಾರಣವಾಗಿರಬಹುದು ಎಂದರು ಸಂಶೋಧಕರು.

ಕರ್ನಾಟಕಕ್ಕೂ ಈ ದಾರಿ ಹೊಸದಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದ ಫೋಟೋವನ್ನು ತರಬೇತಾದ ತಂತ್ರಜ್ಞರೇ ಜಿಲ್ಲೆಗಳಿಗೆ ಹೋಗಿ ತೆಗೆಯುತ್ತಾರೆ. ಬೆಂಗಳೂರಿನ ತಜ್ಞರು ಅದನ್ನು ನೋಡುತ್ತಾರೆ. ಅದು ಬೇರೆ ಕಾಯಿಲೆ, ಆದರೆ ವಿಧಾನ ಇದೇ.

ಹಾಗಾದರೆ ನೀವು ಏನು ಮಾಡಬೇಕು?

• ಟೈಪ್ 2 ಮಧುಮೇಹ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅಕ್ಷಿಪಟಲ ಪರೀಕ್ಷೆ ಮಾಡಿಸಿ. ಶುಗರ್ ಇರುವ ಗರ್ಭಿಣಿಯರು ಡಾಕ್ಟರನ್ನು ಬೇಗ ಕೇಳಿ.

• ಫೋಟೋ ತೆಗೆದವರನ್ನು ಕೇಳಿ: "ಇದನ್ನು ಓದುವವರು ಯಾರು? ತರಬೇತಿ ಆಗಿದೆಯೇ? ದೋಷ ಕಂಡರೆ ಎಲ್ಲಿಗೆ ಹೋಗಬೇಕು?" ಸರಿಯಾದ ಉತ್ತರ ಸಿಕ್ಕರೆ ಆ ರಿಪೋರ್ಟ್ ನಂಬಿ.

• 'ತಜ್ಞರನ್ನು ಕಾಣಿ' ಎಂದು ಬರೆದಿದ್ದರೆ ತಡ ಮಾಡಬೇಡಿ. ಪೂರಿಗಾಲಿ ಕಡೆಯವರು ಮಳವಳ್ಳಿ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮುಂದಕ್ಕೆ ಮಂಡ್ಯದ ಮಿಮ್ಸ್, ಬೆಂಗಳೂರಿನ ಮಿಂಟೋ ಆಸ್ಪತ್ರೆಗಳಿವೆ.

• ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ. ಬೈಕ್ ಓಡಿಸಬೇಡಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ನೆನಪಿಡಿ: ಈ ಫೋಟೋ ಚಿಕಿತ್ಸೆಯಲ್ಲ, ಮುನ್ಸೂಚನೆ. ರಿಪೋರ್ಟ್ ಚೆನ್ನಾಗಿದ್ದರೂ ಶುಗರ್ ಮತ್ತು ಬಿಪಿ ಹತೋಟಿಯಲ್ಲಿರಬೇಕು. ಮನೆಯಲ್ಲಿ ಶುಗರ್ ಇರುವ ಅಪ್ಪ, ಅಮ್ಮ, ಅಜ್ಜಿ ಇದ್ದರೆ ಇದನ್ನು ಫಾರ್ವರ್ಡ್ ಮಾಡುವ ಮೊದಲು ಅವರನ್ನೇ ಕೇಳಿ: ಕೊನೆಯ ಸಲ ಕಣ್ಣಿನ ಒಳಗೆ ಪರೀಕ್ಷೆ ಮಾಡಿಸಿದ್ದು ಯಾವಾಗ?