ಗೋಡೆಯ ಆಚೆ ಇರುವವರು ಯಾರು?

ಕೊಪ್ಪಳ, ಇರಕಲ್ಲಗಡ, ಗಂಗಾವತಿಗಳ ಸೀಮೆಯಲ್ಲಿ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ ಒಟ್ಟಿದ ರಾಶಿ. ಇವುಗಳ ನಡುವೆ ಹಿರೇಬೆಣಕಲ್ಲಿನ ಮೊರೇರ ಗುಡ್ಡ ಮಾತ್ರ ಬೇರೆಯೇ. ಅಲ್ಲಿ ಕಲ್ಲುಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳಿವೆ. ಹಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಕಟ್ಟಿದವರು ಒಂದಕ್ಷರವನ್ನೂ ಬರೆದಿಟ್ಟಿಲ್ಲ. ಹಾಗಾಗಿ ಸುತ್ತಲಿನ ಹಳ್ಳಿಗಳ ಜನ ತಾವೇ ಒಂದು ಕಥೆ ಕಟ್ಟಿಕೊಂಡರು. ಮೊರೇರು ಗಿಡ್ಡ ಮಂದಿ, ಆದರೆ ಮಹಾ ಬಲಶಾಲಿಗಳು. ಬೆಂಕಿಯ ಮಳೆ ಸುರಿಯುವುದೆಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರು, ಆದರೂ ಉಳಿಯಲಿಲ್ಲ ಎಂಬುದು ಆ ಕಥೆ. ಇದನ್ನು ಬರಿಯ ಅಜ್ಜಿಕಥೆ ಎಂದು ತಳ್ಳಿಹಾಕುವಂತಿಲ್ಲ. ಅದರಲ್ಲೊಂದು ತರ್ಕವಿದೆ. ಕಿಂಡಿ ಸಣ್ಣದು, ಆದ್ದರಿಂದ ಅದರಲ್ಲಿ ತೂರುವವರು ಗಿಡ್ಡರು. ಚಪ್ಪಡಿ ಭಾರವಾದದ್ದು, ಆದ್ದರಿಂದ ಎತ್ತಿದವರು ಬಲಶಾಲಿಗಳು. ಚಾವಣಿಯೂ ಕಲ್ಲಿನದೇ, ಆದ್ದರಿಂದ ಮೇಲಿಂದ ಬಿದ್ದದ್ದು ಸಾಮಾನ್ಯ ಮಳೆಯಲ್ಲ.

ಇಂಥದೇ ತರ್ಕ ಇಂದು ಗಣಕದ ಮುಂದೆ ಕುಳಿತ ಯುವಜನರಲ್ಲಿ ಮತ್ತೊಂದು ಲೋಕದ ಬಗ್ಗೆ ನಡೆಯುತ್ತಿದೆ. ಆ ಲೋಕದ ಹೆಸರು ‘ಸೈಬರ್‌ಪಂಕ್’. ಅಮೆರಿಕದ ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ಹೊರತಂದ ಪಾತ್ರಾಭಿನಯದ ಆಟವಿದು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುವವರು, ಉಳಿದವರಿಗೆ ಒಂದೊಂದು ಪಾತ್ರ. ವೇಷವಿಲ್ಲ, ರಂಗಸ್ಥಳವಿಲ್ಲ, ಎಲ್ಲವೂ ಮಾತಿನಲ್ಲೇ. ತಾಳಮದ್ದಳೆ ಕೇಳಿ ಬಲ್ಲವರಿಗೆ ಇದು ಅಪರಿಚಿತವೆನಿಸದು. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ದಾಳ ಉರುಳಿದ ಮೇಲೆಯೇ ಗೊತ್ತಾಗುವುದು, ಅಷ್ಟೇ ವ್ಯತ್ಯಾಸ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಇದೇ ಲೋಕವನ್ನು 2020ರಲ್ಲಿ ‘ಸೈಬರ್‌ಪಂಕ್ 2077’ ಎಂಬ ವೀಡಿಯೊ ಆಟವಾಗಿ ತಂದ ಮೇಲೆ ಜಗತ್ತಿನ ಎಲ್ಲೆಡೆ ಅದು ಪರಿಚಿತವಾಯಿತು.

ಕಥೆ ಸ್ಥೂಲವಾಗಿ ಹೀಗಿದೆ. ದೇಶಗಳಿಗಿಂತ ಕಂಪನಿಗಳೇ ಬಲಶಾಲಿಯಾದ ಕಾಲ. ಜನ ತಮ್ಮ ಮೈಯೊಳಗೆ ಯಂತ್ರಗಳನ್ನು ಕೂರಿಸಿಕೊಂಡು ನೇರವಾಗಿ ಗಣಕಜಾಲಕ್ಕೆ ಇಳಿಯುತ್ತಾರೆ. ರೇಚ್ ಬಾರ್ಟ್‌ಮಾಸ್ ಎಂಬ ಜಾಲದ ಕಳ್ಳ ಸತ್ತ ಮೇಲೆ, ಅವನು ಮೊದಲೇ ಹೂಡಿಟ್ಟಿದ್ದ ತಂತ್ರಾಂಶವೊಂದು 2022ರಲ್ಲಿ ಹೊರಬಿದ್ದು ಇಡೀ ಜಾಲವನ್ನು ಕೆಡಿಸಿಬಿಡುತ್ತದೆ. ಹತೋಟಿ ತಪ್ಪಿದ ಕೃತಕ ಬುದ್ಧಿಗಳು ಅಲ್ಲಿ ಮನೆಮಾಡುತ್ತವೆ. ಶುದ್ಧಿ ಮಾಡುವುದು ಸಾಧ್ಯವಿಲ್ಲವೆಂದು ಕಂಡ ‘ನೆಟ್‌ವಾಚ್’ ಎಂಬ ಕಾವಲು ಸಂಸ್ಥೆ ಹಳೆಯ ಜಾಲಕ್ಕೆ ಅಡ್ಡವಾಗಿ ‘ಬ್ಲ್ಯಾಕ್‌ವಾಲ್’, ಅಂದರೆ ಕಪ್ಪುಗೋಡೆ, ಎಬ್ಬಿಸುತ್ತದೆ. ಈಚೆ ಮನುಷ್ಯರು, ಆಚೆ ಅವು. ಆಚೆಯವು ಏನು ಮಾಡುತ್ತಿವೆ, ಏನು ಬಯಸುತ್ತವೆ ಎಂಬುದನ್ನು ಆಟ ಬಾಯಿಬಿಟ್ಟು ಹೇಳುವುದಿಲ್ಲ. ಅಭಿಮಾನಿಗಳ ಊಹೆಗಳು ಹುಟ್ಟಿರುವುದು ಈ ಮೌನದಿಂದಲೇ.

ಅವುಗಳಲ್ಲಿ ಪ್ರಮುಖವಾದದ್ದು ಗೋಡೆಯನ್ನೇ ಕುರಿತದ್ದು. ಆ ಗೋಡೆ ಜಡವಲ್ಲ, ಅದೂ ಒಂದು ಕೃತಕ ಬುದ್ಧಿಯೇ ಎಂಬ ಸುಳಿವು ಆಟದ ಲೋಕದಲ್ಲೇ ಇದೆ. ಹಾಗಿದ್ದರೆ ಅದು ಕಾಯುತ್ತಿರುವುದು ಯಾರನ್ನು? ಆಚೆಯವರು ಈಚೆ ಬರದಂತೆ ತಡೆಯುತ್ತಿದೆಯೋ, ಈಚೆಯವರನ್ನೇ ದೊಡ್ಡಿಯಲ್ಲಿ ಕೂಡಿಹಾಕಿದೆಯೋ? ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ನಮ್ಮ ಗಾದೆಯ ಭಯವೇ ಇಲ್ಲಿಯೂ ಇದೆ. ನೆಟ್‌ವಾಚ್ ಹೇಳುವ ರಕ್ಷಣೆಯ ಕಥೆಯನ್ನು ಈ ಅಭಿಮಾನಿಗಳು ನಂಬುವುದಿಲ್ಲ.

ಇನ್ನೊಂದು ಊಹೆಯ ಕೇಂದ್ರ ನೀಲಿ ಕಣ್ಣಿನ ಮನುಷ್ಯ. ಆಟದಲ್ಲಿ ಜೆಫರ್ಸನ್ ಪೆರಾಲೆಸ್ ಎಂಬ ರಾಜಕಾರಣಿಯ ನೆನಪುಗಳನ್ನು ಯಾರೋ ಅವನಿಗೇ ತಿಳಿಯದಂತೆ ತಿದ್ದುತ್ತಿರುತ್ತಾರೆ. ಅವನಿಗೆ ಸತ್ಯ ಹೇಳುವ ಹೊತ್ತಿಗೆ, ದೂರದ ಮಹಡಿಯಲ್ಲಿ ಕಣ್ಣು ನೀಲಿಯಾಗಿ ಹೊಳೆಯುವ ಒಬ್ಬಾತ ನಿಂತು ನೋಡುತ್ತಿರುವುದು ಕಾಣುತ್ತದೆ. ಆಟದ ಒಂದು ಮುಕ್ತಾಯದಲ್ಲಿ ಅವನೇ ಮತ್ತೆ ಬಂದು ನಾಯಕನಿಗೆ ಕೆಲಸ ಒಪ್ಪಿಸುತ್ತಾನೆ. ಅವನು ಮನುಷ್ಯನಲ್ಲ, ಗೋಡೆಯಾಚೆಯ ಬುದ್ಧಿಯೊಂದು ಮಾನವದೇಹದಲ್ಲಿ ಪರಕಾಯ ಪ್ರವೇಶ ಮಾಡಿದೆ ಎನ್ನುವವರು ಬಹಳ. ಊಹೆ ಸೊಗಸಾಗಿದೆ, ಸಾಕ್ಷ್ಯ ಮಾತ್ರ ತೆಳು. ಆ ಲೋಕದಲ್ಲಿ ಮೈಯೊಳಗಿನ ಯಂತ್ರದ ಮೂಲಕ ದೂರವಾಣಿಯಲ್ಲಿ ಮಾತನಾಡುವ ಸಾಮಾನ್ಯರ ಕಣ್ಣೂ ಹೊಳೆಯುತ್ತದೆ. ಆತ ಯಾರದೋ ಆಜ್ಞೆ ಕೇಳಿಸಿಕೊಳ್ಳುತ್ತಿರುವ ಸಂಬಳದ ನೌಕರನೂ ಆಗಿರಬಹುದು. ಹಾಗಿದ್ದರೆ ಮನುಷ್ಯನ ನೆನಪನ್ನು ತಿದ್ದಿದ್ದು ಯಾವುದೋ ಕಂಪನಿ, ಭೂತವಲ್ಲ. ಅದೇ ಹೆಚ್ಚು ಭಯಂಕರವಲ್ಲವೇ?

ಆಲ್ಟ್ ಕನಿಂಗ್‌ಹ್ಯಾಮ್ ಎಂಬವಳದು ಮತ್ತೊಂದು ಜಟಿಲ ಪ್ರಶ್ನೆ. ಮನುಷ್ಯನ ಮನಸ್ಸನ್ನು ಹೀರಿ ನಕಲು ತೆಗೆಯುವ ತಂತ್ರಾಂಶವನ್ನು ಬರೆದವಳು ಅವಳು. ಅರಸಾಕಾ ಎಂಬ ಕಂಪನಿ ಅವಳನ್ನು ಅಪಹರಿಸಿ, ಕೊನೆಗೆ ಅದೇ ತಂತ್ರಾಂಶಕ್ಕೆ ಅವಳೇ ಬಲಿಯಾಗುತ್ತಾಳೆ. ಭಸ್ಮಾಸುರನ ಕೈ ವರ ಕೊಟ್ಟವನ ತಲೆಯನ್ನೇ ಹುಡುಕಿಕೊಂಡು ಹೋದಂತೆ. ಉಳಿದ ನಕಲು ಗೋಡೆಯಾಚೆ ಬೆಳೆದು ಬೇರೆಯೇ ಏನೋ ಆಗಿದೆ. ನಾಯಕನಿಗೆ ನೆರವಾಗುತ್ತಾಳೆ ನಿಜ, ಜೊತೆಗೆ ಕಂಪನಿಯ ಸೆರೆಯಲ್ಲಿದ್ದ ಮನಸ್ಸುಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತಾಳೆ. ಅದು ಬಿಡುಗಡೆಯೋ, ಆಹಾರವೋ ಎಂಬ ವಾದ ಇನ್ನೂ ಮುಗಿದಿಲ್ಲ.

ತಾನು ಮಾಡಿದ್ದು ತನಗೇ ತಿರುಗಿಬೀಳುವ ಭಯ ಸಾಹಿತ್ಯಕ್ಕೆ ಹೊಸದಲ್ಲ. ‘ರೋಬೋ’ ಎಂಬ ಪದವನ್ನು ಲೋಕಕ್ಕೆ ಕೊಟ್ಟ ಕರೆಲ್ ಚಾಪೆಕನ 1920ರ ಚೆಕ್ ನಾಟಕದಲ್ಲೇ ಕೃತಕ ಕೂಲಿಗಳು ದಂಗೆಯೆದ್ದಿದ್ದರು. ವಿಲಿಯಂ ಗಿಬ್ಸನ್ನನ 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿಯಲ್ಲಿ ಯಂತ್ರಬುದ್ಧಿ ಮಿತಿಮೀರದಂತೆ ನೋಡಿಕೊಳ್ಳಲು ಪ್ರತ್ಯೇಕ ಪೊಲೀಸರೇ ಇದ್ದಾರೆ. ಪಾಂಡ್‌ಸ್ಮಿತ್‌ನ ಲೋಕದಲ್ಲಿ ಓದುಗನೇ ಆಟಗಾರ. ಕಥೆ ನಡೆಸುವವನು ಬಿಟ್ಟ ಜಾಗವನ್ನು ಅವನೇ ತುಂಬಬೇಕೆಂಬುದು ಆಟದ ನಿಯಮ. ಆದುದರಿಂದ ಊಹೆ ಇಲ್ಲಿ ಆಟದ ಮುಂದುವರಿಕೆಯೇ.

ಇಲ್ಲೊಂದು ಭೇದವನ್ನು ಮರೆಯುವಂತಿಲ್ಲ. ಆಟದ ನೀಲಿ ಕಣ್ಣಿನವನು ಯಾರೆಂಬುದನ್ನು ಬರೆದವರು ನಾಳೆ ಹೇಗೆ ಬೇಕಾದರೂ ತೀರ್ಮಾನಿಸಬಹುದು. 2022ರಲ್ಲೇ ಮುಂದಿನ ಭಾಗದ ಘೋಷಣೆಯಾಗಿದೆ. ಮೊರೇರ ಗುಡ್ಡದಲ್ಲಿ ಆ ಸೌಲಭ್ಯವಿಲ್ಲ; ಅಲ್ಲಿ ಕಲ್ಲೇ ಉತ್ತರ ಹೇಳಬೇಕು. ಪುರಾತತ್ತ್ವಜ್ಞರ ಪ್ರಕಾರ ಅವು ವಾಸದ ಮನೆಗಳಲ್ಲ, ಸತ್ತವರಿಗಾಗಿ ಎಬ್ಬಿಸಿದ ಸ್ಮಾರಕಗಳು. ಸುಮಾರು 400 ಇವೆ; ಕಾಲ ಹೆಚ್ಚುಕಡಿಮೆ ಕ್ರಿ.ಪೂ. 800ರಿಂದ 200. ಚಪ್ಪಡಿ ಸೀಳಿದ ಗಣಿಯೂ ಗುಡ್ಡದ ಮೇಲೆಯೇ ಇದೆ. ಹೆಸರಿನ ಹೋಲಿಕೆಯಿಂದ ಮೊರೇರೆಂದರೆ ಮೌರ್ಯರೇ ಎನ್ನುವವರೂ ಉಂಟು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಈ ಊಹೆಗೆ ಬಲ ಬಂದಂತೆ ಕಾಣುತ್ತದೆ. ಆದರೆ ಇಲ್ಲಿ ಕಲ್ಲು ನಿಲ್ಲಿಸುವ ಕೆಲಸ ಶುರುವಾದದ್ದು ಮೌರ್ಯರು ಪಟ್ಟಕ್ಕೆ ಬರುವುದಕ್ಕೆ ಶತಮಾನಗಳ ಮೊದಲು. 1975ರಲ್ಲಿ ಪ್ರಕಟವಾದ ಅ. ಸುಂದರ ಅವರ ಅಧ್ಯಯನ, ದಕ್ಷಿಣ ಭಾರತದ ಇಂಥ ಕಲ್ಲುಕೋಣೆಗಳ ರಚನೆಯನ್ನು ವಿವರವಾಗಿ ವಿಂಗಡಿಸಿಕೊಟ್ಟಿದೆ. ಗಿಡ್ಡರ ಕಥೆಗೆ ಅದರಿಂದ ಪುಷ್ಟಿ ಸಿಗದು.

ಗಿಡ್ಡರ ಕಥೆಯಿಂದ ಯಾರಿಗೂ ಕೇಡಾಗಲಿಲ್ಲ. ಕೇಡಾದದ್ದು ಇನ್ನೊಂದು ಊಹೆಯಿಂದ. ಮೊರೇರು ಹೋಗುವಾಗ ಹೊನ್ನನ್ನು ಹೂತಿಟ್ಟು ಹೋದರೆಂದು ನಂಬಿದವರು ನಿಧಿಯಾಸೆಗೆ ಹಲವು ಮನೆಗಳ ಚಪ್ಪಡಿ ಕೆಡವಿ, ನೆಲ ಬಗೆದಿದ್ದಾರೆ. ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ 2021ರಲ್ಲಿ ಸೇರುವ ವೇಳೆಗೆ, ಎರಡೂವರೆ ಸಾವಿರ ವರ್ಷ ನಿಂತಿದ್ದ ಎಷ್ಟೋ ಗೋಡೆಗಳು ಹೀಗೆ ಮುರಿದುಬಿದ್ದಿದ್ದವು.