ಜಾಕೆಟ್ಟಿನ ಒಳಗಿನ ಚೀಟಿ

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬೈಕಿನಿಂದ ಬಿದ್ದವನು ನಿಲ್ಲುವ ಮುನ್ನ ಡಾಂಬರಿನ ಮೇಲೆ ಸುಮಾರು 14 ಮೀಟರ್ ಜಾರಬಲ್ಲ. ತೆಳು ಅಂಗಿ ಅಷ್ಟು ಉಜ್ಜಾಟ ತಾಳದು; ಮುಂದೆ ಸವೆಯುವುದು ಚರ್ಮವೇ. ಮಗನಿಗೋ ಮಗಳಿಗೋ ಜಾಕೆಟ್ ಕೊಳ್ಳುವಾಗ ಬಣ್ಣಕ್ಕೆ ಮೊದಲು ಒಳಗಿನ ಚೀಟಿ ನೋಡಿ. ಯುರೋಪಿನ ‘ಇಎನ್ 17092’ ಮಾನಕದಲ್ಲಿ ‘ಎಎಎ’ ಎಲ್ಲಕ್ಕಿಂತ ಗಟ್ಟಿ, ನಂತರ ‘ಎಎ’, ‘ಎ’. ಆದರೆ ಸೆಕೆಗೆ ಹೆದರಿ ಗೋಡೆಗೆ ತೂಗುಹಾಕಿದ ‘ಎಎಎ’ಗಿಂತ ದಿನವೂ ತೊಡುವ ಜಾಲರಿಯ ‘ಎ’ ವಾಸಿ.

ಭುಜ, ಮೊಣಕೈಗಳ ಪ್ಯಾಡಿನ ಕೆಲಸವೇ ಬೇರೆ: ಪೆಟ್ಟಿನ ವೇಳೆಯನ್ನು ತುಸು ಹಿಗ್ಗಿಸಿ ಬಲವನ್ನು ತಗ್ಗಿಸುವುದು. 1ನೇ ಮಟ್ಟದ್ದಕ್ಕಿಂತ 2ನೇ ಮಟ್ಟದ್ದು ಮೇಲು. ಬೆನ್ನಿನಲ್ಲಿ ಬರೀ ಸ್ಪಂಜಿದ್ದರೆ ಬದಲಿಸಿ. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ದೊಗಳೆ ಕೊಂಡಿರೋ, ಬಿದ್ದಾಗ ಪ್ಯಾಡು ಮೊಣಕೈ ಬಿಟ್ಟು ಸರಿದಿರುತ್ತದೆ! ಅಂಗಡಿಯಲ್ಲೇ ತೊಟ್ಟು, ಹ್ಯಾಂಡಲ್ ಹಿಡಿದಂತೆ ಕೈ ಚಾಚಿ ನೋಡಬೇಕು.